ಗಿಟಾರಿನ ಹೊಟ್ಟೆಯೊಳಗಿನ ಝರ್ರ್

ಕಳೆದ ವಾರ ಮಂಗಳವಾರ ಮಧ್ಯಾಹ್ನ ನಾನು ಏನು ಮಾಡುತ್ತಿದ್ದೆ ಗೊತ್ತೇ? ಮೊಮ್ಮಗಳ ಎಲೆಕ್ಟ್ರಿಕ್ ಗಿಟಾರಿನ ಒಂದು ಸ್ಕ್ರೂ ಮೇಲೆ ಹೆಬ್ಬೆರಳು ಒತ್ತಿಕೊಂಡು ಕೂತಿದ್ದೆ. ಅದಾದ ಮೇಲೆ ಪಕ್ಕದ ಸ್ಕ್ರೂ. ಅದಾದ ಮೇಲೆ ಅದರ ಪಕ್ಕದ್ದು. ಒಟ್ಟು ಒಂದೂವರೆ ತಾಸು.

ಒಲೆಯ ಮೇಲಿನ ಬೇಳೆ ತಳ ಹಿಡಿಯಿತು. ನನ್ನ ಮೊಣಕಾಲು ಹಿಡಿಯಿತು. ಆ ದರಿದ್ರ ಸದ್ದು ಮಾತ್ರ ಕೈಗೆ ಸಿಗಲಿಲ್ಲ.

ಸದ್ದು ಹೇಗಿತ್ತು ಹೇಳುತ್ತೇನೆ. ತಂತಿ ಮೀಟಿದರೆ ಮೊದಲು ಸರಿಯಾದ ದನಿಯೇ ಬರುತ್ತದೆ. ಅದರ ಬಾಲಕ್ಕೆ ಅಂಟಿಕೊಂಡು ಇನ್ನೊಂದು ಬರುತ್ತದೆ. ಝರ್ರ್! ಬಾಟಲಿಯೊಳಗೆ ಸಿಕ್ಕಿಬಿದ್ದ ನೊಣದ ಹಾಗೆ. ಎಲ್ಲ ತಂತಿಗೂ ಬರುವುದಿಲ್ಲ. ಎಲ್ಲ ಹೊತ್ತಿನಲ್ಲೂ ಬರುವುದಿಲ್ಲ. ಹುಡುಕಲು ಕೂತರೆ ಸುಮ್ಮನಿರುತ್ತದೆ. ಹಾಡಲು ಕೂತರೆ ತಪ್ಪದೆ ಹಾಜರು.

ನೀವು ಕೇಳಬಹುದು, ಎಪ್ಪತ್ತು ದಾಟಿದ ಮುದುಕಿಗೆ ಎಲೆಕ್ಟ್ರಿಕ್ ಗಿಟಾರಿನ ಉಸಾಬರಿ ಏಕೆ ಎಂದು. ನನಗೂ ಬೇಕಿರಲಿಲ್ಲ. ಆದರೆ ಆ ಝರ್ರ್‌ನಿಂದ ನಮ್ಮ ಮನೆಯಲ್ಲಿ ಒಂದು ಜಗಳ ಆಗಿತ್ತು. ಆ ಜಗಳದಿಂದ ಒಂದು ಹಾಡು ಕೆಡುವುದರಲ್ಲಿತ್ತು. ಅದಕ್ಕೆ ಉಳಿದದ್ದು ನಾಲ್ಕೇ ದಿನ.

ಮೊಮ್ಮಗಳು ವೈಶಾಲಿಗೆ ಇಪ್ಪತ್ತನಾಲ್ಕು. ಹಗಲು ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ಸಂಜೆ ಗಿಟಾರ್ ಬಾರಿಸುತ್ತಾಳೆ. ಕಾಲೇಜಿನ ಗೆಳತಿ ನಸ್ರೀನ್, ಇನ್ನಿಬ್ಬರು ಹುಡುಗಿಯರು, ಇವಳು ಸೇರಿ ಒಂದು ಬ್ಯಾಂಡ್ ಮಾಡಿಕೊಂಡಿದ್ದಾರೆ. ಹಾಡು ಬರೆಯುವವಳು ನಸ್ರೀನ್. ಹಾಡುವವಳೂ ಅವಳೇ. ಮೊದಲ ಸಲ ಅವರ ಹಾಡನ್ನು ರೆಕಾರ್ಡ್ ಮಾಡಲು ನಮ್ಮ ಹೈದರಾಬಾದಿನ ಮಾದಾಪುರದಲ್ಲಿ ಒಂದು ಸ್ಟುಡಿಯೊ ಒಪ್ಪಿತ್ತು. ಕೊಟ್ಟದ್ದು ಒಂದೇ ದಿನ. ಶನಿವಾರ.

ಹೋದ ತಿಂಗಳು ನಸ್ರೀನ್ ಹೊಸ ಟ್ಯೂನ್ ಕಟ್ಟಲಿಕ್ಕೆ ಎಂದು ವೈಶಾಲಿಯ ಗಿಟಾರನ್ನು ಒಂದು ವಾರ ಒಯ್ದಿದ್ದಳು. ತಂದುಕೊಟ್ಟಳು. ನಾಲ್ಕು ದಿನ ಬಿಟ್ಟು ವೈಶಾಲಿ ಚೀಲದಿಂದ ತೆಗೆದು ಬಾರಿಸಿದರೆ, ಝರ್ರ್!

ಹೋಗುವಾಗ ಚೆನ್ನಾಗಿತ್ತು. ಬಂದ ಮೇಲೆ ಕೆಟ್ಟಿದೆ. ಇದರಲ್ಲಿ ತಲೆ ಕೆಡಿಸಿಕೊಳ್ಳುವುದು ಏನಿದೆ? ನಮ್ಮ ಮನೆಯಲ್ಲಿ ಐದು ನಿಮಿಷದಲ್ಲಿ ತೀರ್ಪು ಆಯಿತು. ನಸ್ರೀನ್ ಎಲ್ಲಿಯೋ ಬೀಳಿಸಿದ್ದಾಳೆ, ಹೇಳುತ್ತಿಲ್ಲ.

ಪಾಪದ ಹುಡುಗಿ ಮನೆಗೇ ಬಂದು ಹೇಳಿದಳು, "ವೈಶೂ, ಕಸಮ್ ಸೇ, ಗಿರಾಯೀಚ್ ನೈ ಮೈ." ಆಣೆ, ಬೀಳಿಸಿಯೇ ಇಲ್ಲ ಅಂತ. ವೈಶಾಲಿ ಕೇಳಲಿಲ್ಲ. ಮಾತಿಗೆ ಮಾತು ಬೆಳೆಯಿತು. ನಸ್ರೀನ್ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು. ಶನಿವಾರ ತಾನು ಬರುವುದಿಲ್ಲ ಎಂದು ರಾತ್ರಿ ಮೆಸೇಜ್ ಬಂತು. ಹಾಡು ಬರೆದವಳೇ ಬರದಿದ್ದರೆ ಇವರು ಅಲ್ಲಿ ಹೋಗಿ ಏನು ಮಾಡಬೇಕು? ಮೈಕ್ ಎದುರು ನಿಂತು ಆಕಳಿಸಬೇಕೇ?

ಈಗ ಗಿಟಾರಿನ ಸಂಗತಿ. ಸ್ವಲ್ಪ ತಾಳ್ಮೆ ಇರಲಿ, ನನಗೂ ಇದು ಹೊಸತೇ.

ತಂತಿಗಳ ಬುಡದಲ್ಲಿ ಒಂದು ಲೋಹದ ತಟ್ಟೆ ಇರುತ್ತದೆ. ಬ್ರಿಜ್ ಅನ್ನುತ್ತಾರೆ. ಇವಳದು ಟ್ರೆಮೊಲೊ ಬ್ರಿಜ್. ಅಂದರೆ ಆ ತಟ್ಟೆ ಗಟ್ಟಿಯಾಗಿ ಕೂತಿರುವುದಿಲ್ಲ, ತೇಲುತ್ತಿರುತ್ತದೆ. ಅದಕ್ಕೊಂದು ಬಾಗಿದ ಕಡ್ಡಿ. ಕಡ್ಡಿ ಒತ್ತಿದರೆ ತಟ್ಟೆ ಓಲಾಡುತ್ತದೆ, ದನಿಯೂ ಓಲಾಡುತ್ತದೆ. ಬಿಟ್ಟರೆ ಮತ್ತೆ ಸ್ವಸ್ಥಾನಕ್ಕೆ ಬರಬೇಕಲ್ಲ, ಅದಕ್ಕೆ ಹಿಂದುಗಡೆ ಮರದ ಹೊಟ್ಟೆಯೊಳಗೆ ಸ್ಪ್ರಿಂಗುಗಳಿವೆ. ಒಟ್ಟಿನಲ್ಲಿ ಸ್ಕ್ರೂ, ಸ್ಪ್ರಿಂಗು, ಕಡ್ಡಿ ಎಲ್ಲ ಸೇರಿ ಇಪ್ಪತ್ತಕ್ಕೂ ಹೆಚ್ಚು ತುಂಡುಗಳು. ಇಪ್ಪತ್ತರಲ್ಲಿ ಯಾವುದು ಬೇಕಾದರೂ ಝರ್ರ್ ಅನ್ನಬಹುದು. (ಇಷ್ಟೆಲ್ಲ ಯಾಕೆ ಬೇಕು? ದನಿ ಓಲಾಡಿಸಲು ಮನುಷ್ಯನಿಗೆ ಗಂಟಲು ಸಾಲದೇ?)

ಸಲಹೆ ಕೊಡುವವರಿಗೆ ಬರವಿರಲಿಲ್ಲ. ನನ್ನ ಮಗ, ಅಂದರೆ ವೈಶಾಲಿಯ ಅಪ್ಪ, ಜೀಡಿಮೆಟ್ಲಾದ ಫ್ಯಾಕ್ಟರಿಯಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತಾನೆ. ಅವನ ಪ್ರಕಾರ ಜಗತ್ತಿನ ಎಲ್ಲ ರೋಗಕ್ಕೂ ಎಣ್ಣೆಯೇ ಮದ್ದು. ಸ್ಪ್ರೇ ಡಬ್ಬಿ ತಂದು ಹೊಡೆದ. ಮೂರು ದಿನ ಮನೆಯೆಲ್ಲ ಗ್ಯಾರೇಜಿನ ವಾಸನೆ. ಎದುರು ಫ್ಲಾಟಿನವರು ಅರ್ಥಿಂಗ್ ಸರಿ ಇಲ್ಲ ಎಂದರು. ಕರೆಂಟಿನ ವೈರನ್ನೇ ಕಿತ್ತು ಬಾರಿಸಿದರೂ ಝರ್ರ್ ಅನ್ನುತ್ತದೆ, ಅರ್ಥಿಂಗ್ ಎಲ್ಲಿಂದ ಬಂತು? ಯೂಟ್ಯೂಬಿನಲ್ಲಿ ಒಬ್ಬ ಬೋಳುತಲೆಯವನು ಸಣ್ಣ ಸ್ಕ್ರೂಗಳಿಗೆ ನೇಲ್ ಪಾಲಿಶ್ ಹಚ್ಚಿ ಎಂದ. ಹಚ್ಚಿದಳು. ಕೆಂಪು ಬಣ್ಣ. ಗಿಟಾರಿಗೆ ಮದುವೆ ಕಳೆ ಬಂತು. ಸದ್ದು ಹೋಗಲಿಲ್ಲ.

ಆಮೇಲೆ ಕೋಠಿ ಕಡೆಯ ಒಬ್ಬ ಮೆಕ್ಯಾನಿಕ್ ಹತ್ತಿರ ಒಯ್ದೆವು. ನಾನೂ ಹೋಗಿದ್ದೆ. ಅವನು ಗಿಟಾರನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ ಆರೂ ತಂತಿ ಮೀಟಿದ. ಸದ್ದಿಲ್ಲ. ಮತ್ತೆ ಮೀಟಿದ. ಇಲ್ಲ.

"ಏಮೀ ಲೇದಮ್ಮಾ, ಬಾಗುಂದಿ," ಎಂದ. ಏನೂ ಆಗಿಲ್ಲ, ಚೆನ್ನಾಗಿದೆ ಅಂತ.

ಮನೆಗೆ ಬಂದು ವೈಶಾಲಿ ತೊಡೆಯ ಮೇಲೆ ಇಟ್ಟುಕೊಂಡು ಬಾರಿಸಿದರೆ, ಝರ್ರ್! ತಿರುಗಿ ಹೋದೆವು. ತಿರುಗಿ ಮಲಗಿಸಿದ. ತಿರುಗಿ ಬಾಗುಂದಿ. ನಾವಿಬ್ಬರೂ ತಲೆ ಕೆಟ್ಟವರು ಅನ್ನುವ ಹಾಗೆ ನಮ್ಮ ಮುಖ ನೋಡಿದ. ದವಾಖಾನೆಗೆ ಹೋದ ಕೂಡಲೇ ಹಲ್ಲುನೋವು ಮಾಯವಾಗುತ್ತದಲ್ಲ, ಹಾಗೆ.

ಆ ಮಂಗಳವಾರ ವೈಶಾಲಿ ರಜೆ ಹಾಕಿ ಕೂತಿದ್ದಳು. ಅಳುತ್ತಿರಲಿಲ್ಲ. ಅಳುವುದಕ್ಕೂ ಮುಂಚಿನ ಮುಖ ಇರುತ್ತದಲ್ಲ, ಅದು. ನನಗೆ ಅಂಥ ಮುಖ ನೋಡಿದರೆ ಸಿಟ್ಟು ಬರುತ್ತದೆ.

"ಏ, ತಗೊಂಬಾ ಇಲ್ಲೆ," ಎಂದೆ.

"ಆಯಿ, ನಿನಗ ಇದರಾಗ ಏನ ತಿಳಿತೈತಿ?"

"ಮೂವತ್ತು ವರ್ಷ ಹೊಲಿಗಿ ಮಷಿನ್ ತುಳದೀನಿ. ಅದೂ ಕಬ್ಬಿಣ, ಇದೂ ಕಬ್ಬಿಣ. ತಗೊಂಬಾ ಅಂದ್ರ ತಗೊಂಬಾ."

ಹೊಲಿಗೆ ಯಂತ್ರ ಗಡಗಡ ಅಂದರೆ ನಾವು ಏನು ಮಾಡುತ್ತಿದ್ದೆವು? ಒಬ್ಬರು ತುಳಿಯುವುದು. ಇನ್ನೊಬ್ಬರು ಒಂದೊಂದೇ ಸ್ಕ್ರೂ ಮೇಲೆ ಬೆರಳು ಒತ್ತುವುದು. ಯಾವುದನ್ನು ಒತ್ತಿದಾಗ ಸದ್ದು ನಿಲ್ಲುತ್ತದೋ ಕಳ್ಳ ಅದೇ. ಇದಕ್ಕೆ ಓದು ಬೇಡ, ಯೂಟ್ಯೂಬ್ ಬೇಡ. ಬೆರಳು ಇದ್ದರೆ ಸಾಕು.

ಅವಳು ಬಾರಿಸಿದಳು. ನಾನು ಒತ್ತಿದೆ. ತಂತಿ ಕೂರುವ ಆರು ಸಣ್ಣ ತುಂಡುಗಳು. ಅಲ್ಲ. ಅವುಗಳ ಹನ್ನೆರಡು ಸ್ಕ್ರೂ. ಅಲ್ಲ. ತಟ್ಟೆಯ ಅಂಚು. ಅಲ್ಲ. ಕಡ್ಡಿ ಹಿಡಿದೆ. ಸ್ವಲ್ಪ ಕಡಿಮೆಯಾಯಿತು, ಆದರೆ ಹೋಗಲಿಲ್ಲ. ಹೀಗೆ ಒಂದೂವರೆ ತಾಸು. ಬೇಳೆ ತಳ ಹಿಡಿದದ್ದು ಆಗಲೇ.

ಬೇಳೆಯ ಒಲೆ ಆರಿಸಿ ಬಂದು, ಸಿಟ್ಟಿನಲ್ಲಿ ಗಿಟಾರಿನ ಬೆನ್ನಿಗೆ ಅಂಗೈ ಒತ್ತಿದೆ. ಬೆನ್ನಿನಲ್ಲಿ ಒಂದು ಪ್ಲಾಸ್ಟಿಕ್ ಮುಚ್ಚಳ ಇದೆ. ಒತ್ತಿದ ಕೂಡಲೇ ಸದ್ದು ಬದಲಾಯಿತು. ಝರ್ರ್ ಇದ್ದದ್ದು ಝಿರ್ರ್ ಆಯಿತು.

"ಒಳಗೈತಿ," ಎಂದೆ. "ಮುಚ್ಚಳ ತಗಿ."

"ಅದರ ಸ್ಕ್ರೂ ಒಂದು ಸವದೈತಿ ಆಯಿ. ತಿರಗೂದಿಲ್ಲ. ಮೆಕ್ಯಾನಿಕ್‌ನೂ ಬಿಟ್ಟ."

"ಅವನು ಬಿಟ್ಟ ಅಂತ ನಾನೂ ಬಿಡಬೇಕೇನು?"

ಹೊಲಿಗೆ ಯಂತ್ರದ ಡ್ರಾವರಿನಿಂದ ನನ್ನ ಚಿಕ್ಕ ಸ್ಕ್ರೂಡ್ರೈವರ್ ತಂದೆ. ಪ್ಲಸ್ ಸ್ಕ್ರೂಗೆ ಮೈನಸ್ ಹಾಕಬಾರದು ಎಂದು ವೈಶಾಲಿ ಕೂಗಿಕೊಂಡಳು. ಹಾಕಿದೆ. ತಿರುಗಿತು. (ಬಾರದು, ಕೂಡದು ಅನ್ನುವ ಅರ್ಧ ಕೆಲಸಗಳು ಮಾಡಿದರೆ ಆಗುತ್ತವೆ. ಇನ್ನರ್ಧ ಕೈ ಕೊಡುತ್ತವೆ ಅನ್ನುವುದೂ ನಿಜ.)

ಮುಚ್ಚಳ ತೆಗೆದೆವು. ಒಳಗೆ ಮೂರು ಸ್ಪ್ರಿಂಗು. ಸ್ಪ್ರಿಂಗುಗಳ ನಡುವೆ ಹಳದಿ ಬಣ್ಣದ ಕಾಳುಗಳು. ನಾಲ್ಕು ಕಾಳು ತಳದಲ್ಲಿ ಉರುಳಾಡುತ್ತಿದ್ದವು. ಐದನೆಯದು ಒಂದು ಸ್ಪ್ರಿಂಗಿನ ಸುತ್ತಿನಲ್ಲಿ ಹಲ್ಲುಸಂದಿಯಲ್ಲಿ ಸಿಕ್ಕ ಹಾಗೆ ಸಿಕ್ಕಿಕೊಂಡಿತ್ತು.

"ಆಯಿ, ಏನಿದು?"

ಒಂದು ಕಾಳನ್ನು ಬೆರಳ ತುದಿಗೆ ಅಂಟಿಸಿಕೊಂಡು ನೋಡಿದೆ.

"ಆಯಿ, ಇದು ಅಕ್ಕಿ. ನನ್ನ ಗಿಟಾರ್‌ನ್ಯಾಗ ಅಕ್ಕಿ ಯಾಕ ಐತಿ?"

"ಅಕ್ಕಿ ಅಲ್ಲ. ಅಕ್ಷತಿ."

"ಏನ್ ಡಿಫರೆನ್ಸ್?"

"ಅರಿಷಿಣ ಹಚ್ಚಿರತೈತಿ."

ಹೇಳಿಬಿಡುತ್ತೇನೆ. ನಸ್ರೀನ್ ಗಿಟಾರ್ ತಂದುಕೊಟ್ಟದ್ದು ಖಂಡೇಪೂಜೆಯ ಹಿಂದಿನ ದಿನ. ನೀವು ಆಯುಧ ಪೂಜೆ ಅನ್ನುತ್ತೀರಿ. ನನ್ನ ಗಂಡ ಇದ್ದದ್ದು ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ. ಅಲ್ಲಿ ಆ ದಿನ ಒಂದು ಸ್ಪಾನರನ್ನೂ ಬಿಡದೆ ಪೂಜೆ ಮಾಡುತ್ತಿದ್ದರು. ಮನೆಯಲ್ಲೂ ಅದೇ ರೂಢಿ. ಈಳಿಗೆ, ಕತ್ತರಿ, ಹೊಲಿಗೆ ಯಂತ್ರ, ಮಿಕ್ಸರ್, ಸ್ಕೂಟರ್, ಲ್ಯಾಪ್‌ಟಾಪ್, ಎಲ್ಲಕ್ಕೂ ವಿಭೂತಿ, ಹೂವು, ಅಕ್ಷತೆ. ಈ ಸಲ ಎಲ್ಲ ಮುಗಿಸಿ ಕೈ ತೊಳೆಯುವಾಗ ಗೋಡೆಗೆ ಒರಗಿದ್ದ ಗಿಟಾರ್ ಚೀಲ ಕಂಡಿತು. ಇದಕ್ಕೂ ಕಬ್ಬಿಣ ಇದೆ, ಕರೆಂಟೂ ಹತ್ತುತ್ತದೆ. ಇದೊಂದಕ್ಕೆ ಏಕೆ ತಪ್ಪಬೇಕು?

ಚೀಲ ಬಿಚ್ಚಿ ಮಲಗಿಸಿದೆ. ಕಡ್ಡಿಗೆ ಚೆಂಡುಹೂವು ಸಿಕ್ಕಿಸಿದೆ. ಮೇಲೆ ಒಂದು ಮುಷ್ಟಿ ಅಕ್ಷತೆ. ಸಂಜೆ ಸೆರಗಿನಿಂದ ಒರೆಸಿ ಮತ್ತೆ ಚೀಲಕ್ಕೆ ತುಂಬಿದೆ. ಒರೆಸಿದ್ದೇ ಕೆಟ್ಟದ್ದು. ತೇಲುವ ತಟ್ಟೆಯ ಕೆಳಗೆ ಒಂದು ಸಂದಿ ಇದೆ. ಸೆರಗಿನಿಂದ ದೂಡಿದ ಕಾಳು ಅಲ್ಲಿಂದ ಸೀದಾ ಹೊಟ್ಟೆಗೆ. ಗಿಟಾರ್ ಮಲಗಿದಾಗ ಅವು ಮುಚ್ಚಳದ ಮೇಲೆ ತಣ್ಣಗೆ ಇರುತ್ತವೆ. ತೊಡೆಯ ಮೇಲೆ ಎತ್ತಿ ನಿಲ್ಲಿಸಿದರೆ ಜಾರಿ ಬಂದು ಸ್ಪ್ರಿಂಗಿಗೆ ತಗಲುತ್ತವೆ. ಮೆಕ್ಯಾನಿಕ್‌ನ ಮೇಜಿನ ಮೇಲೆ ಬಾಗುಂದಿ ಆದದ್ದು ಹಾಗೆ.

ಅಂದರೆ ಒಂದೂವರೆ ತಾಸು ನಾನು ನನ್ನದೇ ಅಕ್ಷತೆಯನ್ನು ಹುಡುಕುತ್ತ ಕೂತಿದ್ದೆ. ಪೂಜೆ ಮಾಡಿದ್ದು ಮರೆತಿತ್ತೇ ಎಂದು ಕೇಳಬೇಡಿ. ಮರೆತಿರಲಿಲ್ಲ. ಪೂಜೆಯಿಂದ ಕೆಡುತ್ತದೆ ಎಂದು ಯಾರ ತಲೆಗೆ ಹೊಳೆಯುತ್ತದೆ?

ಹೊಲಿಗೆಯ ಸೂಜಿಯಿಂದ ಐದೂ ಕಾಳು ತೆಗೆದೆ. ವೈಶಾಲಿ ಬಾರಿಸಿದಳು. ಮುಕ್ಕಾಲು ಭಾಗ ಸದ್ದು ಹೋಗಿತ್ತು. ಇನ್ನೂ ಸಣ್ಣಗೆ ಒಂದು ಚರಚರ ಉಳಿದಿತ್ತು. ಕಡ್ಡಿ ಹಿಡಿದರೆ ನಿಲ್ಲುತ್ತದೆ, ಬಿಟ್ಟರೆ ಬರುತ್ತದೆ. ಕಡ್ಡಿಯ ಮರೆ, ಅಂದರೆ ತಿರುಪಿನ ಸುತ್ತು, ಸಡಿಲ.

ಹುಡುಗಿಯ ಮುಖ ಅರಳಿತು. "ನೋಡ ಆಯಿ, ಇದು ಮಾತ್ರ ನಸ್ರೀನ್‌ದ!"

ನನಗೆ ತಡೆಯಲಿಲ್ಲ. "ತಗೊಂಡ ದಿನದಿಂದ ಅದು ಸಡ್ಲ ಐತಿ ಅಂತ ನೀನ ಬಡಕೋತಿದ್ದಿ. ಈಗ ಅದನ್ನೂ ಆಕಿ ತಲಿಗೆ ಕಟ್ಟತಿಯೇನು? ನಾಚಿಕಿ ಬರೂದಿಲ್ಲ?"

ನಲ್ಲಿಗೆ ಸುತ್ತುವ ಬಿಳಿ ಟೇಪ್ ಇತ್ತು. ಕಡ್ಡಿಯ ಮರೆಗೆ ಎರಡು ಸುತ್ತು ಸುತ್ತಿ ಬಿಗಿದೆವು. ಚರಚರವೂ ಹೋಯಿತು. ಹದಿನೈದು ದಿನದಲ್ಲಿ ಮೊದಲ ಸಲ ಗಿಟಾರ್ ಬರೀ ಗಿಟಾರಿನ ಹಾಗೆ ಕೇಳಿಸಿತು.

ನಾವಿಬ್ಬರೂ ಸಂತೋಷ ಪಡಬೇಕಿತ್ತು. ಯಾರೂ ಪಡಲಿಲ್ಲ.

ವೈಶಾಲಿ ನಸ್ರೀನ್‌ಗೆ ಮೆಸೇಜ್ ಹಾಕಿದಳು. ಸಾರಿ, ಅಳುವ ಗೊಂಬೆ, ಕೈ ಮುಗಿಯುವ ಗೊಂಬೆ. ನೀಲಿ ಟಿಕ್ ಬಂತು. ಉತ್ತರ ಬರಲಿಲ್ಲ. ಫೋನ್ ಮಾಡಿದಳು. ಎತ್ತಲಿಲ್ಲ. ಬುಧವಾರವೂ ಎತ್ತಲಿಲ್ಲ. ಬುಧವಾರ ಸಂಜೆ ನಾನು ನನ್ನ ಫೋನಿನಿಂದ ಮಾಡಿದೆ. ಎರಡೇ ರಿಂಗಿಗೆ ಎತ್ತಿದಳು. ನನ್ನನ್ನು ಅವಳು ದಾದಿ ಅನ್ನುತ್ತಾಳೆ, ಅಂದರೆ ಅಜ್ಜಿ.

ಹಿಂದಿಯಲ್ಲಿ ಎಲ್ಲ ಹೇಳಿದೆ. ಬೇಟಾ, ಅದು ನೀನು ಕೆಡಿಸಿದ್ದಲ್ಲ, ನಾನು ಹಾಕಿದ ಅಕ್ಷತೆ. ನಿನ್ನ ತಪ್ಪೇ ಇರಲಿಲ್ಲ. ವೈಶಾಲಿ ಅಂದದ್ದನ್ನು ಬಿಟ್ಟುಬಿಡು, ಅವಳದು ಹರಕು ಬಾಯಿ.

ಅವಳು ಕನ್ನಡದಲ್ಲಿ ಅಂದಳು, "‘ಕೊಡೋ ಮುಂದ ಎಂಥವರ ಕೈ ಅಂತ ನೋಡಿ ಕೊಡಬೇಕಿತ್ತು.’ ಅದು ವೈಶೂ ಅಂದಿದ್ದಲ್ಲ ದಾದಿ. ನೀವು ಅಂದಿದ್ದು."

ಮೇಲೆ ಜಗಳದ ವಿವರ ಬರೆಯುವಾಗ ಈ ಮಾತನ್ನು ನಾನು ಬಿಟ್ಟಿದ್ದೆ. ಬಿಟ್ಟದ್ದು ಬೇಕೆಂದೇ. ಅವತ್ತು ನಸ್ರೀನ್ ನಮ್ಮ ಹಾಲಿನಲ್ಲಿ ನಿಂತು ಆಣೆ ಹಾಕುತ್ತಿದ್ದಳು. ನಾನು ಅವಳ ಎದುರಿಗೇ ಕೂತು ಬೆಳ್ಳುಳ್ಳಿ ಸುಲಿಯುತ್ತ ವೈಶಾಲಿಗೆ ಆ ಮಾತು ಹೇಳಿದೆ. ಕನ್ನಡದಲ್ಲಿ.

ಹೈದರಾಬಾದಿನ ಕನ್ನಡಿಗರಿಗೆಲ್ಲ ಈ ಚಟ ಇದೆ, ಇಲ್ಲ ಅನ್ನಬೇಡಿ. ಹೊರಗೆ ತೆಲುಗು, ಹಿಂದಿ. ಗುಟ್ಟಿಗೆ ಕನ್ನಡ. ತರಕಾರಿ ಗಾಡಿಯವನ ಎದುರು ನಿಂತು "ಬ್ಯಾಡ, ಕೊಳತಾವ" ಅನ್ನುತ್ತೇವೆ. ಬೇಗಂ ಬಜಾರಿನ ಅಂಗಡಿಯವನ ಎದುರು "ಇವನ ಮಾರಿ ನೋಡ" ಅನ್ನುತ್ತೇವೆ. ಆಟೊದವನ ಬೆನ್ನ ಹಿಂದೆ ಕೂತು ಅವನ ವಂಶವನ್ನೇ ಜಾಲಾಡುತ್ತೇವೆ. ನಮ್ಮ ಭಾಷೆ ನಮಗೆ ಬಾಗಿಲು ಹಾಕಿದ ಕೋಣೆ. ಆಚೆಗೆ ಕೇಳಿಸುವುದಿಲ್ಲ ಅಂದುಕೊಂಡಿರುತ್ತೇವೆ. ಇಷ್ಟು ವರ್ಷದಲ್ಲಿ ಎಷ್ಟು ಜನಕ್ಕೆ ಕೇಳಿಸಿತೋ, ಎಷ್ಟು ಜನ ಸುಮ್ಮನೆ ತಕ್ಕಡಿ ಹಿಡಿದು ತೂಗಿಕೊಟ್ಟರೋ, ಯಾರಿಗೆ ಗೊತ್ತು?

"ನಿನಗ ಕನ್ನಡ ಬರತೈತಿ?" ಎಂದೆ. ಕೇಳಬೇಕಾದ ಪ್ರಶ್ನೆ ಅದಲ್ಲ ಎಂದು ನನಗೂ ಗೊತ್ತು.

"ಆರು ವರ್ಷದಿಂದ ನಿಮ್ಮ ಮನಿಗೆ ಬರ್ತೀನಿ ದಾದಿ. ನಿಮ್ಮ ರೊಟ್ಟಿ ತಿಂದೀನಿ. ಮಾತು ತಿಳಿಯಂಗಿಲ್ಲ ಅಂದ್ಕೊಂಡ್ರಿ?"

ಅವಳ ಬಾಯಲ್ಲಿ ನನ್ನದೇ ಕನ್ನಡ. ನನ್ನದೇ ಎಳೆತ. ಕಲಿತದ್ದು ನನ್ನಿಂದಲೇ ಇರಬೇಕು, ಮನೆಯಲ್ಲಿ ಉಳಿದವರು ಅಷ್ಟು ಮಾತಾಡುವುದಿಲ್ಲ.

ನಾನು ಕ್ಷಮೆ ಗಿಮೆ ಕೇಳಿ ರೂಢಿ ಇಲ್ಲದವಳು. ಗಂಡನಿಗೂ ಕೇಳಲಿಲ್ಲ, ಮಗನಿಗೂ ಕೇಳಲಿಲ್ಲ. ಸಿಟ್ಟಿನಲ್ಲಿ ಅಂದೆ ಅನ್ನಬಹುದಿತ್ತು. ಬೆಳ್ಳುಳ್ಳಿ ಸುಲಿಯುವಾಗ ಯಾರಿಗೆ ಸಿಟ್ಟಿರುತ್ತದೆ? ತಣ್ಣಗೆ ಅಂದಿದ್ದೆ.

"ಅಂದೆ. ನಾನ ಅಂದೆ," ಎಂದೆ. "ತಪ್ಪಾತು."

ಎಲ್ಲೋ ಕುಕ್ಕರ್ ಕೂಗುತ್ತಿತ್ತು, ಅವಳ ಮನೆಯದೋ ನಮ್ಮದೋ.

"ಶನಿವಾರ ಬರ್ತೀನಿ," ಎಂದಳು. "ಹಾಡು ನನ್ನದು. ಅದಕ್ಕ ಬರ್ತೀನಿ."

ಬಂದಳು. ರೆಕಾರ್ಡಿಂಗ್ ಆಯಿತು. ಹಾಡು ಚೆನ್ನಾಗಿದೆಯಂತೆ. ವೈಶಾಲಿ ನನಗೆ ಇಯರ್‌ಫೋನ್ ಸಿಕ್ಕಿಸಿ ಕೇಳಿಸಿದಳು. ನನಗೆ ಅಂಥದ್ದರಲ್ಲಿ ರುಚಿ ಇಲ್ಲ. ಸದ್ದು ಏನಾದರೂ ಇದೆಯೇ ಎಂದು ಮಾತ್ರ ಕಿವಿಗೊಟ್ಟು ಕೇಳಿದೆ. ಎಲ್ಲೂ ಇರಲಿಲ್ಲ.

ಆ ಶನಿವಾರ ಬೆಳಿಗ್ಗೆ ನಸ್ರೀನ್ ವೈಶಾಲಿಯನ್ನು ಕರೆದೊಯ್ಯಲು ಸ್ಕೂಟಿಯಲ್ಲಿ ಬಂದಿದ್ದಳು. ನಾನು ಬಾಲ್ಕನಿಯಲ್ಲಿದ್ದೆ. ಕೆಳಗೆ ಗೇಟಿನ ಹತ್ತಿರ ನಿಂತು, ಹೆಲ್ಮೆಟ್ ತೆಗೆಯದೆ, ಹಾರ್ನ್ ಹೊಡೆದಳು. ಯಾವತ್ತೂ ಹಾರ್ನ್ ಹೊಡೆದವಳಲ್ಲ. ಸೀದಾ ಮೆಟ್ಟಿಲು ಹತ್ತಿ ಬಂದು, ಅಡುಗೆ ಮನೆಗೇ ನುಗ್ಗಿ, ಚಹಾ ಹಾಕಿಸಿಕೊಂಡು ಕುಡಿಯುವವಳು.

"ಮ್ಯಾಲೆ ಬಾರವಾ, ಚಾ ಇಟ್ಟೀನಿ," ಎಂದು ಕೂಗಿದೆ. ಕನ್ನಡದಲ್ಲೇ.

ಅವಳು ತಲೆ ಎತ್ತಿ ನೋಡಿದಳು. "ಟೈಮ್ ಇಲ್ಲ ದಾದಿ. ಲೇಟ್ ಆಗತೈತಿ."

ಆಗ ಗಂಟೆ ಎಂಟೂವರೆ. ಸ್ಟುಡಿಯೊದ ಬಾಗಿಲು ತೆಗೆಯುವುದು ಹನ್ನೊಂದಕ್ಕೆ. ಟ್ರಾಫಿಕ್ ಎಷ್ಟೇ ಕೆಟ್ಟಿರಲಿ, ನಮ್ಮ ಲಿಂಗಂಪಲ್ಲಿಯಿಂದ ಮಾದಾಪುರಕ್ಕೆ ಎರಡೂವರೆ ತಾಸು ಬೇಕೇನ್ರೀ?